ಪ್ರೌಢಶಾಲಾ ಗಣಿತದಲ್ಲಿ ಮಿಶ್ರ ಕಲಿಕೆ: ಪರದೆಯ ಕೆಲಸ, ಶಿಕ್ಷಕರ ಕೆಲಸ

ತೆರೆಯ ಮೂಲಕ ಶಿಕ್ಷಣ ನೀಡುವ ಪ್ರಯತ್ನ ನಮ್ಮ ದೇಶಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಗ್ರಾಮಗಳನ್ನು ತಲುಪಿತ್ತು. ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಹಾರಿಬಿಡಲಾಯಿತು. 2017ರಲ್ಲಿ ‘ಸ್ವಯಂ’ ಮತ್ತು ‘ದೀಕ್ಷಾ’ ವೇದಿಕೆಗಳು ಆರಂಭವಾದವು. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಅದುವರೆಗೆ ಪೂರಕವೆನಿಸಿದ್ದ ಈ ಸಾಧನಗಳೇ ಅನೇಕ ಮಕ್ಕಳಿಗೆ ಏಕೈಕ ಶಾಲೆಯಾದವು. ಅದೇ ವರ್ಷ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯು ಮುಖಾಮುಖಿ ಬೋಧನೆಯ ಮಹತ್ವವನ್ನು ಎತ್ತಿಹಿಡಿದು, ಅದರೊಡನೆ ಆನ್‌ಲೈನ್ ಕಲಿಕೆಯನ್ನು ಬೆರೆಸುವ ಮಿಶ್ರ ಮಾದರಿಗಳನ್ನು ಗುರುತಿಸಬೇಕೆಂದು ಸೂಚಿಸಿತು.

ಮಿಶ್ರ ಕಲಿಕೆಯೆಂದರೆ ತರಗತಿಯ ಪಾಠವನ್ನು ಹಾಗೆಯೇ ಪರದೆಗೆ ಇಳಿಸುವುದಲ್ಲ. ಯಾವ ಭಾಗವನ್ನು ವಿದ್ಯಾರ್ಥಿಯು ತನ್ನ ವೇಗದಲ್ಲಿ ತಾನೇ ಕಲಿಯಬೇಕು, ಯಾವುದನ್ನು ಶಿಕ್ಷಕರ ಸಮ್ಮುಖದಲ್ಲಿ ಮಾಡಬೇಕು ಎಂಬ ವಿಂಗಡಣೆಯೇ ಅದರ ತಿರುಳು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಗೈರುಹಾಜರಾಗುತ್ತಿದ್ದ ವಿದ್ಯಾರ್ಥಿಗಳ ಅನುಕೂಲಕ್ಕಾಗಿ 2007ರ ಸುಮಾರಿಗೆ ತಮ್ಮ ಪಾಠಗಳನ್ನು ಮುದ್ರಿಸತೊಡಗಿದರು. ಕ್ರಮೇಣ ವಿವರಣೆಯು ಮನೆಗೂ, ಮನೆಗೆಲಸವು ತರಗತಿಗೂ ಸ್ಥಳ ಬದಲಿಸಿದವು. ಈ ಅದಲುಬದಲು ಗಣಿತಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಗಣಿತದ ವಿದ್ಯಾರ್ಥಿ ಎಡವುವುದು ಸಾಮಾನ್ಯವಾಗಿ ಪಾಠ ಕೇಳುವಾಗಲ್ಲ, ರಾತ್ರಿ ಒಬ್ಬನೇ ಕುಳಿತು ಲೆಕ್ಕ ಮಾಡುವಾಗ.

ಪರದೆಯು ನಿಜವಾಗಿ ನೆರವಾಗುವ ಸ್ಥಳಗಳಿವೆ. ಹತ್ತನೆಯ ತರಗತಿಯ ವರ್ಗಸಮೀಕರಣವನ್ನೇ ತೆಗೆದುಕೊಳ್ಳಬಹುದು. ಯ = ಕ್ಷ² − 4ಕ್ಷ + ಕ ಎಂಬಲ್ಲಿ ‘ಕ’ ಒಂದು ಸ್ಥಿರಾಂಕ. ಅದರ ಬೆಲೆ 3 ಇದ್ದಾಗ ಪರವಲಯವು ಕ್ಷ-ಅಕ್ಷವನ್ನು 1 ಮತ್ತು 3ರಲ್ಲಿ ಛೇದಿಸುತ್ತದೆ. 4 ಆದಾಗ 2ರಲ್ಲಿ ಬರಿದೆ ಸ್ಪರ್ಶಿಸುತ್ತದೆ. 5 ಆದಾಗ ಅಕ್ಷವನ್ನು ಮುಟ್ಟದೆ ಮೇಲೆಯೇ ಉಳಿಯುತ್ತದೆ. ಶೋಧಕದ ಬೆಲೆ ಕ್ರಮವಾಗಿ 4, 0 ಮತ್ತು −4. ಈ ಮೂರು ನಕ್ಷೆಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸುವಷ್ಟರಲ್ಲಿ ಒಂದು ಅವಧಿ ಮುಗಿದಿರುತ್ತದೆ. ಆಸ್ಟ್ರಿಯದ ಮಾರ್ಕಸ್ ಹೊಹೆನ್‌ವಾರ್ಟರ್ ರೂಪಿಸಿದ ‘ಜಿಯೋಜಿಬ್ರಾ’ ತಂತ್ರಾಂಶದಲ್ಲಿ ಒಂದು ಗುಂಡಿಯನ್ನು ಸರಿಸಿದರೆ ಸಾಕು, ವಕ್ರರೇಖೆಯು ಮೆಲ್ಲನೆ ಮೇಲೇರುವುದು ಕಾಣುತ್ತದೆ. ಎರಡು ಮೂಲಗಳು ಹತ್ತಿರ ಬಂದು, ಒಂದಾಗಿ, ಮರೆಯಾಗುತ್ತವೆ. ‘ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲ’ ಎಂಬ ಬಾಯಿಪಾಠದ ವಾಕ್ಯಕ್ಕೆ ಅಲ್ಲಿ ಅರ್ಥ ದೊರೆಯುತ್ತದೆ. ಗುಂಡಿಯನ್ನು ಸರಿಸುವ ಮುನ್ನ ಏನಾಗಬಹುದೆಂದು ವಿದ್ಯಾರ್ಥಿಗಳಿಂದ ಬರೆಸಿಕೊಳ್ಳುವುದು ಅವಶ್ಯ. ಇಲ್ಲವಾದರೆ ಅದು ನೋಡಿ ಮರೆಯುವ ಚಲನಚಿತ್ರವಾದೀತು.

ಪರದೆಗೆ ಕಾಣದ ಸಂಗತಿಯೂ ಇದೇ ಅಧ್ಯಾಯದಲ್ಲಿದೆ. ಕ್ಷ² = 5ಕ್ಷ ಎಂಬ ಸಮೀಕರಣವನ್ನು ಕೊಟ್ಟಾಗ ಎಷ್ಟೋ ವಿದ್ಯಾರ್ಥಿಗಳು ಎರಡೂ ಕಡೆ ಕ್ಷ-ದಿಂದ ಭಾಗಿಸಿ, ಕ್ಷ = 5 ಎಂದು ಬರೆದುಬಿಡುತ್ತಾರೆ. ‘ಕೆಳಗಿನವುಗಳಲ್ಲಿ ಯಾವುದು ಮೂಲ?’ ಎಂಬ ಬಹು ಆಯ್ಕೆಯ ಆನ್‌ಲೈನ್ ಪ್ರಶ್ನೆಗೆ ಈ ಉತ್ತರ ಸರಿಯೇ. ಯಂತ್ರವು ಪೂರ್ಣ ಅಂಕ ನೀಡುತ್ತದೆ. ಸೊನ್ನೆಯೂ ಒಂದು ಮೂಲವೆಂಬುದು ಹಾರಿಹೋಯಿತು. ಸೊನ್ನೆಯಾಗಬಹುದಾದ ರಾಶಿಯಿಂದ ಭಾಗಿಸಿದ ದೋಷ ಯಾರ ಕಣ್ಣಿಗೂ ಬೀಳಲಿಲ್ಲ. ಆ ದೋಷವಿರುವುದು ಉತ್ತರದಲ್ಲಲ್ಲ, ನೋಟ್‌ಬುಕ್ಕಿನ ಎರಡನೆಯ ಸಾಲಿನಲ್ಲಿ. ಅದನ್ನು ಹಿಡಿಯಬೇಕಾದವರು ಬೆಂಚಿನ ಪಕ್ಕದಲ್ಲಿ ನಿಂತು ನೋಡುವ ಶಿಕ್ಷಕರು. ವಿವರಣೆಯ ಒಂದಂಶವನ್ನು ದೃಶ್ಯಪಾಠಕ್ಕೆ ಬಿಟ್ಟುಕೊಟ್ಟರೆ ಉಳಿಯುವ ಇಪ್ಪತ್ತು ನಿಮಿಷ ಸಲ್ಲಬೇಕಾದುದು ಇದಕ್ಕೆ. ಉಳಿದ ಆ ಸಮಯದಲ್ಲಿ ಮತ್ತೊಂದು ದೃಶ್ಯಪಾಠ ತೋರಿಸುವ ಶಾಲೆಗಳೂ ಇಲ್ಲದಿಲ್ಲ. ಅದನ್ನು ಮಿಶ್ರ ಕಲಿಕೆ ಎನ್ನಲಾಗದು.

ಸಾಧನಗಳ ಅಭಾವವನ್ನು ಕಡೆಗಣಿಸುವಂತಿಲ್ಲ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನ್. ಅದೂ ಹಗಲೆಲ್ಲ ದುಡಿಯಲು ಹೋದವರ ಬಳಿ ಇರುತ್ತದೆ. ಇಬ್ಬರು ಮಕ್ಕಳಿದ್ದರೆ ಸಾಮಾನ್ಯವಾಗಿ ಹುಡುಗಿಯ ಸರದಿ ಕೊನೆಗೆ. ಆದ್ದರಿಂದ ಮನೆಯಲ್ಲಿ ಪಾಠ ನೋಡಿಬರುವುದನ್ನು ಕಡ್ಡಾಯ ಮಾಡುವುದು ನ್ಯಾಯವಲ್ಲ. ‘ದೀಕ್ಷಾ’ದ ಪಾಠಗಳನ್ನು ಮೊದಲೇ ಇಳಿಸಿಕೊಂಡು ಅಂತರ್ಜಾಲವಿಲ್ಲದೆಯೂ ನೋಡಬಹುದು. ಶಾಲೆಯ ಒಂದೆರಡು ಉಪಕರಣಗಳಲ್ಲಿ ಅವುಗಳನ್ನಿರಿಸಿ, ತರಗತಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪು ಪಾಠ ನೋಡುತ್ತಿರುವಾಗ ಇನ್ನೊಂದು ಲೆಕ್ಕ ಮಾಡುವಂತೆಯೂ, ಮೂರನೆಯದು ಶಿಕ್ಷಕರೊಡನೆ ಕುಳಿತಿರುವಂತೆಯೂ ಸರದಿ ಏರ್ಪಡಿಸಬಹುದು.

ಹೊರನಾಡಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಇನ್ನೊಂದು ತೊಡಕಿದೆ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಹಾಗೂ ಮುಂಬಯಿಯ ಇಂತಹ ಶಾಲೆಗಳು ಅನುಸರಿಸುವುದು ಪುಣೆಯ ‘ಬಾಲಭಾರತಿ’ ಪ್ರಕಟಿಸುವ ಕನ್ನಡ ಪಠ್ಯಪುಸ್ತಕಗಳನ್ನು. ಕರ್ನಾಟಕದ ಹತ್ತನೆಯ ತರಗತಿಯ ಗಣಿತವಾದರೋ ಎನ್‌ಸಿಇಆರ್‌ಟಿ ಪಠ್ಯವನ್ನು ಆಧರಿಸಿದೆ. ಕನ್ನಡದಲ್ಲಿ ಹುಡುಕಿದಾಗ ದೊರೆಯುವ ಪಾಠಗಳು ಬಹುಮಟ್ಟಿಗೆ ಕರ್ನಾಟಕದ ಕ್ರಮದಲ್ಲಿರುತ್ತವೆ. ಮಹಾರಾಷ್ಟ್ರದ ಪಠ್ಯದಲ್ಲಿ ಬೀಜಗಣಿತ, ರೇಖಾಗಣಿತಗಳು ಎರಡು ಪ್ರತ್ಯೇಕ ಭಾಗಗಳಾಗಿದ್ದು, ಎರಡು ಚರಾಕ್ಷರಗಳ ಸಮೀಕರಣಗಳನ್ನು ನಿರ್ಧಾರಕಗಳಿಂದ ಬಿಡಿಸುವ ಕ್ರೇಮರನ ನಿಯಮವೂ ಇದೆ. ಕರ್ನಾಟಕದ ಪಾಠಗಳಲ್ಲಿ ಅದನ್ನು ಹುಡುಕಿದರೆ ಸಿಗದು. ವರ್ಷಾರಂಭದಲ್ಲಿಯೇ ಶಿಕ್ಷಕರು ಒಂದು ಹಾಳೆಯಲ್ಲಿ ತಮ್ಮ ಘಟಕ, ಅದಕ್ಕೆ ಹೊಂದುವ ದೃಶ್ಯಪಾಠ, ನೋಡದೆ ಬಿಡಬಹುದಾದ ಭಾಗ, ತರಗತಿಯಲ್ಲಿ ತಾವೇ ಹೇಳಿಕೊಡಬೇಕಾದ ಭಾಗ, ಇವಿಷ್ಟನ್ನು ಬರೆದು ಗೋಡೆಗೆ ಅಂಟಿಸಿದರೆ, ಹುಡುಕಾಟದಲ್ಲಿ ಕಳೆಯುವ ಸಂಜೆಗಳು ಮಕ್ಕಳಿಗೆ ಉಳಿಯುತ್ತವೆ.