ರಕ್ತದಲ್ಲಿ ಆಮ್ಲ-ಕ್ಷಾರಗಳ ತಕ್ಕಡಿ

1952ನೆಯ ಇಸವಿಯ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಮೊತ್ತ ಹೆಚ್ಚಾಗಿತ್ತು. ಈ ಮೊತ್ತದ ಬಹುಭಾಗ ಬೈಕಾರ್ಬೊನೇಟ್ ಎಂಬ ಕ್ಷಾರರೂಪದಲ್ಲಿರುವುದರಿಂದ, ರಕ್ತ ಕ್ಷಾರಮಯವಾಗಿದೆಯೆಂದು ವೈದ್ಯರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ನರು ಇದಕ್ಕೆ ವಿರುದ್ಧವಾಗಿ, ಉಸಿರಾಟ ಸಾಲದೆ ರಕ್ತ ಆಮ್ಲಮಯವಾಗಿದೆಯೆಂದರು. ಯಾವುದು ಸರಿ? ಲೆಕ್ಕ ಮಾಡಿ ನೋಡೋಣ.

ಆಮ್ಲತೆಯನ್ನು ಸೂಚಿಸುವ ಅಂಕಿ ಪಿಎಚ್. ಆಮ್ಲತೆ ಏರಿದಂತೆ ಇದು ಇಳಿಯುತ್ತದೆ. ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಇದು 7.35ರಿಂದ 7.45ರವರೆಗೆ ಇರುತ್ತದೆ. 1908ರಲ್ಲಿ ಹೆಂಡರ್ಸನ್ನರು ಕಂಡ ಸಂಬಂಧಕ್ಕೆ 1916ರಲ್ಲಿ ಹ್ಯಾಸೆಲ್‌ಬಾಲ್ಕ್ ಲಾಗರಿತಮ್ಮಿನ ರೂಪ ಕೊಟ್ಟರು:

ಪಿಎಚ್ = 6.1 + ಲಾಗ್ [ಬೈಕಾರ್ಬೊನೇಟ್ ÷ (0.03 × ಇಂಗಾಲದ ಡೈಆಕ್ಸೈಡಿನ ಒತ್ತಡ)]

ಬೈಕಾರ್ಬೊನೇಟನ್ನು ಲೀಟರಿಗೆ ಮಿಲಿಮೋಲ್‌ಗಳಲ್ಲಿಯೂ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿಯೂ ಅಳೆಯಬೇಕು. ಸಹಜವಾಗಿ ಇವು 24 ಮತ್ತು 40. 0.03 × 40 = 1.2, 24 ÷ 1.2 = 20. 20ರ ಲಾಗ್ 1.3, ಆದುದರಿಂದ ಪಿಎಚ್ 7.4.

ಈಗ ಉಸಿರಾಟ ಕುಂದಿದ ರೋಗಿಯೊಬ್ಬನನ್ನು ಊಹಿಸಿಕೊಳ್ಳಿ. ಅವನ ಬೈಕಾರ್ಬೊನೇಟ್ 30, ಒತ್ತಡ 100. ಭಾಗಲಬ್ಧ 30 ÷ 3 = 10; ಅದರ ಲಾಗ್ 1; ಪಿಎಚ್ 7.1. ಕ್ಷಾರ ಹೆಚ್ಚಿದ್ದರೂ ರಕ್ತ ಆಮ್ಲಮಯ! ಪಿಎಚ್ಚನ್ನು ನಿರ್ಧರಿಸುವುದು ಮೊತ್ತವಲ್ಲ, ಪ್ರಮಾಣ.

ಮಧುಮೇಹ ಉಲ್ಬಣಿಸಿದವನೊಬ್ಬನಲ್ಲಿ ಬೈಕಾರ್ಬೊನೇಟ್ 5.4, ಒತ್ತಡ 18 ಇರಲಿ. 5.4 ÷ 0.54 = 10; ಇಲ್ಲಿಯೂ ಪಿಎಚ್ 7.1. ಆದರೆ ಕಾರಣ ಬೇರೆ. ಮೊದಲನೆಯವನಲ್ಲಿ ಒತ್ತಡ ಏರಿದೆ. ಅದು ಶ್ವಾಸಜನ್ಯ ಆಮ್ಲಾಧಿಕ್ಯ. ಎರಡನೆಯವನಲ್ಲಿ ಬೈಕಾರ್ಬೊನೇಟ್ ಕುಸಿದಿದೆ. ಅದು ಚಯಾಪಚಯಜನ್ಯ ಆಮ್ಲಾಧಿಕ್ಯ. ಅವನ ಏದುಸಿರು ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ನಷ್ಟವನ್ನು ತುಂಬಲು ದೇಹ ಮಾಡುವ ಯತ್ನ. ಪಿಎಚ್ 7.45ನ್ನು ಮೀರಿದರೆ ಕ್ಷಾರಾಧಿಕ್ಯ. ಅದರಲ್ಲಿಯೂ ಇವೇ ಎರಡು ಬಗೆ.

ಹೀಗೆ, ಮೊದಲು ಪಿಎಚ್, ಅನಂತರ ಒತ್ತಡ, ಕೊನೆಗೆ ಬೈಕಾರ್ಬೊನೇಟ್ ಎಂಬ ಕ್ರಮದಲ್ಲಿ ನೋಡಿದರೆ ದೋಷದ ಮೂಲ ತಿಳಿಯುತ್ತದೆ.

ಇಬ್ಸೆನ್ನರ ಊಹೆ ಸರಿಯಾಗಿತ್ತು. ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ತೂರಿಸಿ, ರಬ್ಬರು ಚೀಲವನ್ನು ಕೈಯಿಂದ ಒತ್ತಿ ಗಾಳಿಯೂಡಿಸಿದರು, ಅವಳು ಬದುಕಿದಳು. ಮುಂದೆ ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಇದೇ ಚೀಲಗಳನ್ನು ಒತ್ತುತ್ತ ಕುಳಿತರು. ಸಾವಿನ ಸಂಖ್ಯೆ ಬಹಳವಾಗಿ ಇಳಿಯಿತು.