ಸೈಕಲ್ ಫ್ರೇಮು: ಬಾಳಿಕೆ ಯಾವುದಕ್ಕೆ ಹೆಚ್ಚು?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಅಟ್ಲಾಸ್ ಸೈಕಲ್ ಇನ್ನೂ ಓಡುತ್ತಿದೆ. ಈಗ ಮಗಳಿಗೆ ಗೇರ್ ಸೈಕಲ್ ಕೊಡಿಸಬೇಕು. ‘ಅಲ್ಯುಮಿನಿಯಂ ತಗೊಳ್ರಿ, ತುಕ್ಕ ಹಿಡಿಯೂದಿಲ್ಲ, ಕಾಯಂ ಬರ್ತೈತಿ’ ಎನ್ನುತ್ತಾರೆ ಅಂಗಡಿಯವರು. ಕಾರ್ಬನ್ ಅದಕ್ಕಿಂತ ಗಟ್ಟಿ ಅನ್ನುತ್ತಾಳೆ ಮಗಳು. ನಿಜಕ್ಕೂ ಯಾವ ಫ್ರೇಮು ಹೆಚ್ಚು ವರ್ಷ ಬಾಳುತ್ತದೆ?
– ಓದುಗರು, ಮುಂಡರಗಿ

ಉತ್ತರ: ಸೈಕಲ್ ಕೊಳ್ಳುವಾಗ ಬಣ್ಣ, ಗೇರು, ಬ್ರೇಕು ನೋಡುವವರೇ ಹೆಚ್ಚು. ಇವೆಲ್ಲವನ್ನೂ ಹೊತ್ತಿರುವ ಫ್ರೇಮಿನ ಬಗ್ಗೆ ಕೇಳುವವರು ಕಡಿಮೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ನಿಜ.

ಮೊದಲು ನಿಮ್ಮ ಮನೆಯ ಸೈಕಲ್ಲನ್ನೇ ತೆಗೆದುಕೊಳ್ಳೋಣ. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್, 1951ರ ಸೋನಿಪತ್‌ನ ಅಟ್ಲಾಸ್, 1956ರ ಲೂಧಿಯಾನದ ಹೀರೊ, ಈ ಕರಿಯ ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಕಬ್ಬಿಣದ ಸೈಕಲ್ ಎಂದು ನಾವು ಕರೆದರೂ ಪೈಪು ಉಕ್ಕಿನದು. ಪೈಪುಗಳು ಸೇರುವ ಕಡೆ ಉಕ್ಕಿನ ಕವಚ ತೊಡಿಸಿ, ಹಿತ್ತಾಳೆ ಕರಗಿಸಿ ಬೆಸುಗೆ ಹಾಕಿರುತ್ತಾರೆ. ಇಡೀ ಸೈಕಲ್ 20 ಕಿಲೋ ಹತ್ತಿರ ತೂಗುತ್ತದೆ. ಬೆಟಗೇರಿಯ ಓಣಿಯಲ್ಲಿ ನೂಲಿನ ಗಂಟು, ಹಳ್ಳಿಯ ದಾರಿಯಲ್ಲಿ ಹಾಲಿನ ಕ್ಯಾನು ಹೊರಲು ಇದು ಒಗ್ಗಿದ್ದು ಈ ದಪ್ಪ ಪೈಪಿನಿಂದಲೇ. ಆದರೆ ಹಳೆಯದೆಲ್ಲ ಗಟ್ಟಿ ಎಂದು ತೀರ್ಮಾನಿಸಬೇಡಿ. ಅದೇ ಕಾಲದಲ್ಲಿ ಮುರಿದುಹೋದ ಸೈಕಲ್ಲುಗಳು ಗುಜರಿ ಸೇರಿವೆ. ಇಂದು ನಮ್ಮ ಕಣ್ಣಿಗೆ ಬೀಳುವುದು ಉಳಿದವು ಮಾತ್ರ.

ಈಗ ಮುಖ್ಯ ಗೊಂದಲಕ್ಕೆ ಬರೋಣ. ಫ್ರೇಮು ಎರಡು ರೀತಿಯಲ್ಲಿ ಕೆಡುತ್ತದೆ. ಒಂದು ತುಕ್ಕು, ಇನ್ನೊಂದು ಲೋಹದ ದಣಿವು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ‘ತುಕ್ಕು ಹಿಡಿಯದ್ದು ಕಾಯಂ’ ಎಂಬ ಮಾತು ಹುಟ್ಟುತ್ತದೆ. ಬೇಲಿಯ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ತುಕ್ಕಿಲ್ಲದಿದ್ದರೂ ಅದು ತುಂಡಾಗುತ್ತದಲ್ಲವೇ? ಫ್ರೇಮಿನಲ್ಲಿ ಆಗುವ ಬಾಗು ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಎಣಿಕೆ ದೊಡ್ಡದು. ಗದಗದಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಐದು ಮೀಟರಿಗೆ ತುಸು ಹೆಚ್ಚು ಮುಂದೆ ಹೋಗುತ್ತೇವೆ. ಅಲ್ಲಿಗೆ ಒಂದು ಸಲ ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಏಳು ಸಾವಿರಕ್ಕೂ ಹೆಚ್ಚು ಸುತ್ತು, ಪ್ರತಿ ಸುತ್ತಿಗೆ ಎರಡು ತುಳಿತ. ತಗ್ಗು-ದಿನ್ನೆಯ ಪೆಟ್ಟು ಬೇರೆ.

ಜರ್ಮನಿಯ ಆಗಸ್ಟ್ ವ್ಯೋಲರ್ ಎಂಬ ಎಂಜಿನಿಯರ್ 19ನೇ ಶತಮಾನದ ನಡುವಿನಲ್ಲಿ ರೈಲುಗಾಡಿಯ ಅಚ್ಚುಗಳು ಏಕೆ ಮುರಿಯುತ್ತವೆ ಎಂದು ಪರೀಕ್ಷಿಸುತ್ತ ಈ ದಣಿವನ್ನು ಲೆಕ್ಕಕ್ಕೆ ತಂದರು. ಉಕ್ಕಿಗೆ ಒಂದು ಮಿತಿಯುಂಟು: ಅದರ ಕೆಳಗಿನ ಒತ್ತಡವನ್ನು ಲಕ್ಷಾಂತರ ಸಲ ಹೇರಿದರೂ ಬಿರುಕು ಹುಟ್ಟದು. ಟೈಟಾನಿಯಂ ಕೂಡ ಹೀಗೆಯೇ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಒತ್ತಡವೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ.

ಹಾಗೆಂದು ಅಲ್ಯುಮಿನಿಯಂ ಬೇಗ ಮುರಿಯುತ್ತದೆ ಎಂದಲ್ಲ. ಅದರ ತೂಕ ಉಕ್ಕಿನ ಮೂರರಲ್ಲೊಂದು ಭಾಗ, ಬಿಗಿಯೂ ಸುಮಾರು ಅಷ್ಟೇ. ಅದಕ್ಕೇ ತಯಾರಕರು ಪೈಪಿನ ವ್ಯಾಸ ಹೆಚ್ಚಿಸಿ ಒತ್ತಡವನ್ನು ತಗ್ಗಿಸುತ್ತಾರೆ. ಅಂತರರಾಷ್ಟ್ರೀಯ ಐಎಸ್ಒ 4210 ಮಾನದಂಡದ ಪೆಡಲ್ ಪರೀಕ್ಷೆಯಲ್ಲಿ ಫ್ರೇಮು ಯಾವ ವಸ್ತುವಿನದಾದರೂ ಒಂದು ಲಕ್ಷ ಆವರ್ತನ ತಾಳಬೇಕು. ಅಲ್ಲಿ ಹೇರುವ ಭಾರ ನಮ್ಮ ದಿನನಿತ್ಯದ ತುಳಿತಕ್ಕಿಂತ ಬಹಳ ಹೆಚ್ಚು. ಚೆನ್ನಾಗಿ ಮಾಡಿದ ಅಲ್ಯುಮಿನಿಯಂ ಫ್ರೇಮು ಕಾಲೇಜಿಗೆ ಹೋಗಿಬರುವ ಹುಡುಗಿಗೆ ಹಲವು ವರ್ಷ ಸಾಕು.

ತೊಂದರೆ ಶುರುವಾಗುವುದು ಬಿರುಕು ಬಿಟ್ಟ ಮೇಲೆ. ಉಕ್ಕಿನ ಫ್ರೇಮಾದರೆ ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಗ್ಯಾಸ್ ವೆಲ್ಡಿಂಗ್ ಬಲ್ಲವರು ಬೆಸುಗೆ ಹಾಕಿಕೊಡುತ್ತಾರೆ. ಸೊಟ್ಟಗಾಗಿದ್ದರೆ ತಣ್ಣಗಿರುವಾಗಲೇ ಬಗ್ಗಿಸಿ ನೆಟ್ಟಗೆ ಮಾಡಬಹುದು. ಅಲ್ಯುಮಿನಿಯಂಗೆ ಆರ್ಗಾನ್ ಅನಿಲದ ವೆಲ್ಡಿಂಗ್ ಬೇಕು. ಅದು ಸಿಕ್ಕಿದರೂ, ಬೆಸುಗೆಯ ಶಾಖಕ್ಕೆ ಸುತ್ತಲಿನ ಲೋಹ ಮೆತ್ತಗಾಗಿಬಿಡುತ್ತದೆ. ಕಾರ್ಖಾನೆಯಲ್ಲಿ ಫ್ರೇಮನ್ನು ಕುಲುಮೆಯಲ್ಲಿಟ್ಟು ಆ ಬಲವನ್ನು ಮರಳಿ ತರುತ್ತಾರೆ, ಊರಿನ ಅಂಗಡಿಯಲ್ಲಿ ಅದು ಆಗದ ಕೆಲಸ. ನನ್ನ ದೃಷ್ಟಿಯಲ್ಲಿ ಬಾಳಿಕೆ ಎಂದರೆ ಮುರಿಯದಿರುವುದಷ್ಟೇ ಅಲ್ಲ, ಮುರಿದದ್ದು ನಮ್ಮೂರಲ್ಲೇ ರಿಪೇರಿಯಾಗುವುದೂ ಹೌದು.

ಮಗಳು ಹೇಳಿದ ಕಾರ್ಬನ್ನಿನ ವಿಷಯ. ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಪದರಪದರವಾಗಿ ಮಾಡಿದ ಈ ಫ್ರೇಮು ಒಂದು ಕಿಲೋ ಆಸುಪಾಸು ತೂಗುತ್ತದೆ, ತುಕ್ಕು ಹಿಡಿಯುವುದಿಲ್ಲ, ದಣಿವನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದರ ಬಲವೆಲ್ಲ ಎಳೆಗಳ ದಿಕ್ಕಿನಲ್ಲಿ. ಪಕ್ಕದಿಂದ ಕಲ್ಲಿನ ಪೆಟ್ಟು ಬಿದ್ದರೆ ಬಣ್ಣದಡಿ ಪದರ ಬಿಟ್ಟುಕೊಂಡದ್ದು ಗೊತ್ತೇ ಆಗದಿರಬಹುದು. ಮುರಿಯುವಾಗ ಉಕ್ಕಿನಂತೆ ಬಾಗಿ ಸೂಚನೆ ಕೊಡುವುದಿಲ್ಲ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋಗುವ ಸೈಕ್ಲಿಂಗ್ ಪಟುಗಳಿಗೆ ಅದು ತಕ್ಕದ್ದು, ಏಕೆಂದರೆ ಅವರಿಗೆ ಬೇಕಿರುವುದು ವೇಗ. ಕ್ಯಾರಿಯರ್ ಹಾಕಿ ಚೀಲ ಹೇರುವ ಸೈಕಲ್ಲಿಗೆ ಅಲ್ಲ. ಟೈಟಾನಿಯಂ ತುಕ್ಕನ್ನೂ ದಣಿವನ್ನೂ ಗೆದ್ದ ಲೋಹವೇ ಹೌದು, ಬೆಲೆ ಕೇಳಿದರೆ ನಾವೇ ದಣಿಯುತ್ತೇವೆ.

ಇನ್ನು ತುಕ್ಕು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಮಳೆ 600 ಮಿಲಿಮೀಟರ್ ಆಸುಪಾಸು. ಕರಾವಳಿಯ ಉಪ್ಪುಗಾಳಿಯೂ ಇಲ್ಲಿಲ್ಲ, ಆದ್ದರಿಂದ ಉಕ್ಕು ನಿಧಾನವಾಗಿ ಕೆಡುತ್ತದೆ. ನಮ್ಮಲ್ಲಿ ಕೆಡಿಸುವುದು ಎರೆಮಣ್ಣು. ಮಡ್‌ಗಾರ್ಡಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡ ಹಸಿ ಎರೆ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಸೀಟಿನ ಪೈಪಿನೊಳಗೆ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ಮಳೆಗಾಲಕ್ಕೆ ಮೊದಲು ಸೀಟು ಬಿಚ್ಚಿ ಆ ಪೈಪಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಡಿಸಿ. ಬಣ್ಣ ಎದ್ದಲ್ಲಿ ಬಣ್ಣ ಹಚ್ಚಿಸಿ.

ಹಾಗಾದರೆ ಏನು ಕೊಳ್ಳಬೇಕು? ಮಗಳು ಮುಂಡರಗಿಯಲ್ಲೇ ಓಡಾಡಿ, ಆಗೀಗ ಭಾರವನ್ನೂ ಹೇರುವುದಾದರೆ ಉಕ್ಕು. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ ಉಕ್ಕು ಸಿಕ್ಕರೆ ಇನ್ನೂ ಉತ್ತಮ. ಬಲ ಹೆಚ್ಚಿರುವುದರಿಂದ ಪೈಪು ತೆಳುವಾಗಿ ತೂಕ ಇಳಿಯುತ್ತದೆ. ಸೈಕಲ್ಲನ್ನು ದಿನವೂ ಮಾಳಿಗೆಯ ಮೇಲೆ ಹೊತ್ತೊಯ್ಯಬೇಕಿದ್ದರೆ ಅಲ್ಯುಮಿನಿಯಂ ತೆಗೆದುಕೊಳ್ಳಿ, ಚಿಂತೆ ಬೇಡ. ದಪ್ಪ ಪೈಪು ಕಂಡ ಮಾತ್ರಕ್ಕೆ ಅಲ್ಯುಮಿನಿಯಂ ಎಂದು ನಂಬಬೇಡಿ. ಕಡಿಮೆ ಬೆಲೆಯ ಎಷ್ಟೋ ಗೇರ್ ಸೈಕಲ್ಲುಗಳ ಫ್ರೇಮು ಉಕ್ಕಿನದೇ. ಒಂದು ಅಯಸ್ಕಾಂತ ಒಯ್ಯಿರಿ, ಅಂಟಿಕೊಂಡರೆ ಉಕ್ಕು. ಕೊಂಡ ಮೇಲೆ ಹ್ಯಾಂಡಲ್ ಕೆಳಗಿನ ಕೂಡು, ಪೆಡಲ್ ಅಚ್ಚಿನ ಸುತ್ತ, ಹಿಂದಿನ ಚಕ್ರ ಕೂರುವ ಜಾಗ, ಈ ಮೂರನ್ನು ಆಗಾಗ ಒರೆಸಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ, ಫ್ರೇಮು ಯಾವುದೇ ಆಗಿರಲಿ, ಅಂಗಡಿಗೆ ತೋರಿಸುವವರೆಗೆ ಮಗಳು ಅದನ್ನು ಹತ್ತುವುದು ಬೇಡ.