ಗಾಜಿನ ತೊಟ್ಟಿಯಲ್ಲಿ ಮೃದು ಹವಳ

ಹವಳವೆಂದೊಡನೆ ನಮ್ಮ ನೆನಪಿಗೆ ಬರುವುದು ಚಿನ್ನದಲ್ಲಿ ಪೋಣಿಸಿದ ಕೆಂಪು ಮಣಿ. ಆ ಮಣಿಯು ಗಣಿಯಲ್ಲಿ ದೊರೆತ ಕಲ್ಲಲ್ಲ, ಸಮುದ್ರಜೀವಿಯೊಂದರ ಗೂಡು ಎಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಆ ಜೀವಿಯ ಬಂಧುಗಳೇ ಮೃದು ಹವಳಗಳು. ಎರಡರಲ್ಲಿಯೂ ಒಂದೊಂದು ಪಾಲಿಪಿಗೆ ಎಂಟೆಂಟು ಸ್ಪರ್ಶಾಂಗಗಳಿರುತ್ತವೆ. ಆದರೆ ಮೃದು ಹವಳವು ಕಲ್ಲಿನಂತಹ ಗೂಡನ್ನು ಕಟ್ಟದು. ಸುಣ್ಣದ ಸೂಕ್ಷ್ಮ ಮುಳ್ಳುಗಳು ಅದರ ಮಾಂಸದೊಳಗೆ ಹುದುಗಿರುತ್ತವೆ, ಅಷ್ಟೆ.

ಮೀನಿನಂತೆ ಇದಕ್ಕೆ ದಿನವೂ ಉಣಿಸಬೇಕಾದುದಿಲ್ಲ. ಮನೆಯಲ್ಲಿ ಸಾಕಲು ತಕ್ಕ ಜಾತಿಗಳ ಜೀವಕೋಶಗಳೊಳಗೆ ಏಕಕೋಶದ ಪಾಚಿಯು ವಾಸಿಸುತ್ತದೆ. ಬೆಳಕಿನಿಂದ ಪಾಚಿಯು ತಯಾರಿಸಿದ ಆಹಾರದಲ್ಲಿ ಹವಳಕ್ಕೂ ಪಾಲುಂಟು. ಸಮುದ್ರದ ನೀರು ಕೆಂಪು ಕಿರಣಗಳನ್ನು ಮೇಲ್ಪದರದಲ್ಲಿಯೇ ಹೀರಿಬಿಡುತ್ತದೆ. ನೀಲಿಯ ಕಿರಣಗಳು ಆಳಕ್ಕಿಳಿಯುತ್ತವೆ. ಆದುದರಿಂದಲೇ ಹವಳದ ತೊಟ್ಟಿಗೆ ನೀಲಿ ಹೆಚ್ಚಾಗಿರುವ ದೀಪವನ್ನು ಹಾಕುವುದು.

ಎಲ್ಲಕ್ಕಿಂತಲೂ ಗಮನಿಸಬೇಕಾದುದು ಉಪ್ಪಿನ ಲೆಕ್ಕ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಡುಗೆಯ ಉಪ್ಪನ್ನು ಕರಗಿಸಿದರೆ ಸಾಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದುವುಗಳೂ ಇರುವ ಸಿದ್ಧ ಮಿಶ್ರಣವೇ ಬೇಕು. 100 ಲೀಟರಿನ ತೊಟ್ಟಿಗೆ ಇದು ಸುಮಾರು 3.5 ಕಿಲೋಗ್ರಾಂ ಆಯಿತು. ವಾರಕ್ಕೆ 5 ಲೀಟರು ನೀರು ಆವಿಯಾಗಿ ಹೋಗುವುದೆಂದಿಟ್ಟುಕೊಳ್ಳೋಣ. ಕಡಲಿನ ಜೀವಿಗೆ ಕಡಲಿನ ನೀರೇ ಹಿತವೆಂದು ಭಾವಿಸಿ, ಉಪ್ಪುನೀರನ್ನೇ ತುಂಬಿದರೆ ಏನಾಗುತ್ತದೆ? ಆವಿಯಾದದ್ದು ನೀರು ಮಾತ್ರ. ಲವಣವು ತೊಟ್ಟಿಯಲ್ಲಿಯೇ ಉಳಿದಿದೆ. ವಾರಕ್ಕೆ 175 ಗ್ರಾಂನಂತೆ ಹತ್ತು ವಾರಗಳಲ್ಲಿ 1750 ಗ್ರಾಂ ಸೇರಿ, ಲೀಟರಿಗೆ 52.5 ಗ್ರಾಂ ಆಗುವುದು. ನೀರು ಮೊದಲಿನಷ್ಟೇ ತಿಳಿಯಾಗಿ ಕಾಣುತ್ತದೆ. ಹವಳ ಮಾತ್ರ ಅಷ್ಟು ದಿನ ಬದುಕಿರುವುದು ಸಂಶಯ. ಆವಿಯಾದುದಕ್ಕೆ ಶುದ್ಧವಾದ ಸಿಹಿನೀರನ್ನು ತುಂಬಬೇಕು. ಕೊಳೆಯಾದ ನೀರನ್ನು ಮೊಗೆದು ತೆಗೆದಾಗ ಲವಣವೂ ಹೋಗುವುದರಿಂದ, ಆಗ ಉಪ್ಪುನೀರೇ ಸರಿ. ಹೈಡ್ರೋಮೀಟರಿನಿಂದ ಅಳೆದರೆ ಸಾಪೇಕ್ಷ ಸಾಂದ್ರತೆಯು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.026ರ ಆಸುಪಾಸಿನಲ್ಲಿರಬೇಕು. ಉಪಕರಣದ ಮೇಲೆ ಬರೆದ ಉಷ್ಣಮಾನದಲ್ಲಿಯೇ ಅಳೆಯತಕ್ಕದ್ದು. ಬಿಸಿಯಾದ ನೀರು ಹಗುರವಾಗಿ, ಉಪ್ಪು ಕಡಿಮೆಯಾದಂತೆ ತೋರಿಸುತ್ತದೆ.

ಬೇಸಗೆಯಲ್ಲಿ ಈ ಆವಿಯೇ ನಮಗೆ ಉಪಕಾರಿ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಉಷ್ಣವನ್ನು ಕೊಂಡೊಯ್ಯುತ್ತದೆ. ಹೊರಗಿನ ಉಷ್ಣವು ಒಳಸೇರದಿದ್ದರೆ, 100 ಲೀಟರು ನೀರು ಒಂದು ಡಿಗ್ರಿ ತಣ್ಣಗಾಗಲು 170 ಗ್ರಾಂನಷ್ಟು ಆವಿಯಾದರೆ ಸಾಕು! ನೀರಿನ ಮೇಲೆ ಚಿಕ್ಕ ಪಂಖವೊಂದನ್ನು ತಿರುಗಿಸುವುದರ ಗುಟ್ಟು ಇದೇ. ಒಣಹವೆಯ ಬೆಂಗಳೂರಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ತೇವ ತುಂಬಿದ ಮಂಗಳೂರಿನ ಗಾಳಿಯಲ್ಲಿ ಅಷ್ಟು ಫಲಿಸದು. ನೀರು 24ರಿಂದ 27 ಡಿಗ್ರಿಯೊಳಗಿದ್ದರೆ ಕ್ಷೇಮ. ಕಾವು ಮಿತಿಮೀರಿದರೆ ಹವಳವು ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ.

ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದುಂಟು. ತಾಮ್ರದ ಹಂಡೆಯಲ್ಲಿಟ್ಟ ನೀರು ಕುಡಿಯಲು ಒಳ್ಳೆಯದೆಂದು ಹಲವರ ನಂಬಿಕೆ. ಹವಳದ ತೊಟ್ಟಿಗೆ ಮಾತ್ರ ಅದು ಕೂಡದು. ಅತ್ಯಲ್ಪ ತಾಮ್ರವೂ ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ವಿಷ. ಮೀನಿನ ರೋಗಕ್ಕೆ ಕೊಡುವ ತಾಮ್ರಯುಕ್ತ ಔಷಧಕ್ಕೂ ಇದೇ ಮಾತು ಸಲ್ಲುತ್ತದೆ.

ಅಣಬೆಯಾಕಾರದ ಸಾರ್ಕೊಫೈಟನ್ ಹವಳವು ಆಗಾಗ ಪಾಲಿಪುಗಳನ್ನೆಲ್ಲ ಒಳಗೆಳೆದುಕೊಂಡು, ಮಂಕಾಗಿ, ಕೆಲವು ದಿನ ಸತ್ತಂತೆ ನಿಲ್ಲುವುದುಂಟು. ಅವಸರಪಟ್ಟು ಎಸೆಯಬಾರದು. ಮೇಣದಂತಹ ತೆಳುಪೊರೆಯೊಂದನ್ನು ಕಳಚಿ ಅದು ಮತ್ತೆ ಅರಳುತ್ತದೆ. ಪೊರೆಯು ಕಳಚಿಹೋಗುವಂತೆ ನೀರಿನ ಹರಿವು ತಕ್ಕಷ್ಟಿರಬೇಕು. ಚೂಪಾದ ಅಲಗಿನಿಂದ ಕತ್ತರಿಸಿದ ಇದರ ತುಂಡು ಕಲ್ಲಿಗಂಟಿ ಹೊಸ ಹವಳವಾಗಿ ಬೆಳೆಯುವುದರಿಂದ, ಕೊಳ್ಳುವವರು ತೊಟ್ಟಿಯಲ್ಲಿಯೇ ಬೆಳೆಸಿದ ತುಂಡನ್ನು ಕೇಳಿ ಕೊಳ್ಳಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ದಿಬ್ಬಗಳಿಗೆ ಕೈಹಾಕುವುದಂತೂ ಸಲ್ಲದು. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.